ಅರ್ಧ ವೋಲ್ಟಿನ ಕೊಸರು

ದಯಾನಂದನ ಮನೆತನದಲ್ಲಿ ಲೆಕ್ಕಕ್ಕೆ ಸರಿಯಾಗಿ ಕೊಡುವುದೆಂದರೆ ಜಿಪುಣತನ. ಅವನ ಅಪ್ಪ ತೋಂಟದಾರ್ಯ ತಿಪಟೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದವರು. ನೂರು ಕಾಯಿ ಎಣಿಸಿ ಹಾಕಿದ ಮೇಲೆ, ಕೊಂಡವನ ಮುಖವನ್ನೊಮ್ಮೆ ನೋಡಿ, ಇನ್ನೊಂದು ಕಾಯಿಯನ್ನು ರಾಶಿಯ ಮೇಲೆ ಎಸೆಯುವರು. ಅದು ಕೊಸರು. ಆ ಒಂದು ಕಾಯಿ ಎಸೆಯುವಾಗ ಅವರ ಮುಖಕ್ಕೆ ಬರುತ್ತಿದ್ದ ಕಳೆ ನೂರು ಕಾಯಿ ಮಾರಿದಾಗಲೂ ಬರುತ್ತಿರಲಿಲ್ಲ. "ನೂರು ಮರ ಕೊಟ್ಟಿದ್ದು ಕಣ್ಲಾ, ಮೇಲಿಂದು ನಾವ್ ಕೊಟ್ಟಿದ್ದು" ಎಂದು ಮಗನಿಗೆ ಹೇಳಿಕೊಡುವರು. ಮಗ ಕಾಯಿ ವ್ಯಾಪಾರ ಕಲಿಯಲಿಲ್ಲ. ಕೊಸರು ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿತ.

ಸಿಪ್ಪೆಯ ಧೂಳಿಗೆ ಮೂಗು ಮುರಿದ ದಯಾನಂದ ಐಟಿಐ ಮುಗಿಸಿ ಹುಳಿಯಾರಿಗೆ ಬಂದು ರೇಡಿಯೋ ರಿಪೇರಿ ಅಂಗಡಿ ಹಾಕಿದ. ಮುಂದೆ ಅಂಗಡಿ, ಹಿಂದೆ ಮನೆ. ರೇಡಿಯೋ ಕೊಟ್ಟರೆ ರಿಪೇರಿ ಮಾಡಿ, ಮೇಲೆ ಒಳಗಿನ ಧೂಳು ಒರೆಸಿ, ಸಡಿಲವಾದ ಗುಂಡಿ ಬಿಗಿದು, ಹರಿದ ಚೀಲಕ್ಕೆ ಎರಡು ಹೊಲಿಗೆಯನ್ನೂ ಹಾಕಿಸಿ ಕೊಡುವನು. ಅದಕ್ಕೆ ಏನೂ ಕೇಳುತ್ತಿರಲಿಲ್ಲ. ಆದರೆ ಹೊಗಳಬೇಕು. ಹೊಗಳದೆ ಹೋದವನ ಬೆನ್ನನ್ನೇ ಅವನು ಬಹಳ ಹೊತ್ತು ನೋಡುತ್ತಾ ನಿಂತಿರುತ್ತಿದ್ದ. ಹೆಂಡತಿ ಜೀವಿತಾ ಇದನ್ನು ಬಲ್ಲವಳು. "ನಿಮ್ಗೆ ಊಟ ತಪ್ಪಿದ್ರೂ ನಡೀತದೆ, ಭೇಷ್ ಅನ್ನಿಸ್ಕೊಳ್ಳೋದು ತಪ್ಪಬಾರ್ದು ನೋಡಿ" ಎಂದು ಚುಚ್ಚುವಳು.

ಮೊಬೈಲುಗಳು ಹುಳಿಯಾರಿಗೂ ಕಾಲಿಟ್ಟ ಕಾಲವದು. ರೇಡಿಯೋ ರಿಪೇರಿಗೆ ಬರುವವರು ಕಡಿಮೆಯಾಗಿ, ಅಂಗಡಿಯ ಮೂಲೆಯಲ್ಲಿ ಹಳೆಯ ಮೊಬೈಲ್ ಬ್ಯಾಟರಿಗಳು ಗುಡ್ಡೆ ಬೀಳತೊಡಗಿದವು. ಫೋನು ಸತ್ತರೂ ಬ್ಯಾಟರಿಯಲ್ಲಿ ಜೀವ ಇರುತ್ತಿತ್ತು. ಆದರೆ ಅದು ಕೊಡುವುದು ಮೂರೂವರೆ ವೋಲ್ಟಿನ ಮೇಲೆ, ನಾಲ್ಕರ ಹತ್ತಿರ. ಅದನ್ನು ನೇರವಾಗಿ ಕೊಟ್ಟರೆ ಸಣ್ಣ ಸಾಮಾನುಗಳು ಸುಟ್ಟೇ ಹೋಗುತ್ತವೆ. ಇಳಿಸಿ ಕೊಡುವ ರೆಗ್ಯುಲೇಟರು ಬೇಕು. ಮೊದಲಿದ್ದ ಮೂರು ಕಾಲಿನ ರೆಗ್ಯುಲೇಟರು ಹೆಚ್ಚಾದ ವೋಲ್ಟನ್ನು ಕಾವು ಮಾಡಿ ಸುಟ್ಟು ಹಾಕುತ್ತಿತ್ತು. ಅರ್ಧ ಬ್ಯಾಟರಿ ಅದರ ಬಿಸಿಗೇ ಹೋಗುತ್ತಿತ್ತು. ಬೆಂಗಳೂರಿನ ಅಂಗಡಿಯೊಂದರಲ್ಲಿ ದಯಾನಂದನಿಗೆ ಹೊಸ ಜಾತಿಯದು ಸಿಕ್ಕಿತು. ತೊಗರಿಕಾಳಿಗಿಂತ ದೊಡ್ಡದಿಲ್ಲ. ಬ್ಯಾಟರಿಯಿಂದ ಬೇಕಾದಷ್ಟನ್ನೇ ಚೂರುಚೂರಾಗಿ ತೆಗೆದು ಕೊಡುತ್ತದೆ, ಬಿಸಿಯಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟು ಕೊಡಬೇಕೆಂದು ಅದಕ್ಕೆ ನಾವೇ ಹೇಳಬಹುದು. ಪಕ್ಕದಲ್ಲಿ ಸಾಲಾಗಿ ಪುಟ್ಟ ಪುಟ್ಟ ಸ್ವಿಚ್ಚುಗಳು. ಹೀಗಿಟ್ಟರೆ ಒಂದೂವರೆ ವೋಲ್ಟು, ಹಾಗಿಟ್ಟರೆ ಎರಡು, ಇನ್ನೊಂದು ಬಗೆ ಇಟ್ಟರೆ ಮೂರು. ಒಮ್ಮೆ ಹೇಳಿದರೆ ಸಾಕು, ಬ್ಯಾಟರಿ ತುಂಬಿರಲಿ ಇಳಿದಿರಲಿ, ಅದು ತನ್ನ ಮಾತಿಗೆ ತಪ್ಪುವುದಿಲ್ಲ.

ದಯಾನಂದ ಹಳೆಯ ಬ್ಯಾಟರಿಯನ್ನೂ ಈ ರೆಗ್ಯುಲೇಟರನ್ನೂ ಬೆಸುಗೆ ಹಾಕಿ, ಪ್ಲಾಸ್ಟಿಕ್ಕಿನ ನಶ್ಯದ ಡಬ್ಬಿಯೊಳಗೆ ಕೂರಿಸಿದ. ಕುರಿ ಹಿಂಡು ಹೊಡೆದುಕೊಂಡು ಊರೂರ ತೋಟಗಳಲ್ಲಿ ಮಂದೆ ಹಾಕುವ ಹಟ್ಟಿಯವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ರೇಡಿಯೋಕ್ಕೂ ಅದೇ, ಟಾರ್ಚಿಗೂ ಅದೇ. ರೇಡಿಯೋಕ್ಕೆ ಮೂರು ವೋಲ್ಟು ಬೇಕಾದರೆ ಅವನು ಕಣ್ಣು ಮಿಟುಕಿಸಿ ಒಂದು ಮೆಟ್ಟಿಲು ಮೇಲಕ್ಕೇ ಇಡುವನು. ಸದ್ದು ಗಟ್ಟಿಯಾಗಿ ಬರುತ್ತಿತ್ತು, ಟಾರ್ಚು ಝಗ್ಗೆನ್ನುತ್ತಿತ್ತು. "ಸೆಲ್ಲಿಗಿಂತ ನಿನ್ ಡಬ್ಬೀನೇ ವಾಸಿ ಕಣಪ್ಪ" ಎನ್ನುವರು. ವೋಲ್ಟಿನಲ್ಲೂ ಕೊಸರು ಹಾಕಬಹುದೆಂದು ಕಂಡುಹಿಡಿದ ಮೊದಲ ಮನುಷ್ಯ ತಾನೇ ಇರಬೇಕೆಂದು ದಯಾನಂದ ಹಿಗ್ಗಿದ. ಟಾರ್ಚಿನ ಬಲ್ಬು ಬೇಗ ಹೋಗುತ್ತಿದ್ದುದನ್ನು ಯಾರೂ ಡಬ್ಬಿಯ ತಲೆಗೆ ಕಟ್ಟಲಿಲ್ಲ.

ಕೆಂಕೆರೆ ಕಡೆಯ ಗೊಲ್ಲರ ಹಟ್ಟಿಯ ಚಿತ್ತಮ್ಮ ಅವನ ಅಂಗಡಿಗೆ ಬಂದದ್ದು ಹೀಗೆ ಡಬ್ಬಿಯ ಸುದ್ದಿ ಕೇಳಿಯೇ. ಜೊತೆಯಲ್ಲಿ ಮೊಮ್ಮಗಳು ಭಾಗ್ಯ, ಎರಡನೇ ಕ್ಲಾಸು. ಮಗ ಸೊಸೆ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹುಡುಗಿ ಬೆಳೆದದ್ದೆಲ್ಲ ಅಜ್ಜಿಯ ಮಡಿಲಲ್ಲಿ. ಹುಟ್ಟಿನಿಂದ ಕಿವಿ ಮಂದ, ಹಾಗಾಗಿ ಮಾತೂ ನಾಲ್ಕೋ ಐದೋ. ತಿಪಟೂರಿನ ಒಂದು ಕ್ಯಾಂಪಿನಲ್ಲಿ ಅವಳಿಗೆ ಕಿವಿ ಮಿಷನ್ನು ಕೊಟ್ಟಿದ್ದರು. ಜೇಬಿನಲ್ಲಿ ಬೆಂಕಿಪೊಟ್ಟಣದಂಥ ಪೆಟ್ಟಿಗೆ, ಅಲ್ಲಿಂದ ಒಂದು ವೈರು, ತುದಿಯಲ್ಲಿ ಕಿವಿಗೆ ಸಿಕ್ಕಿಸುವ ಗುಂಡಿ. ಸದ್ದಿನ ಚಕ್ರವನ್ನು ಡಾಕ್ಟರೇ ಒಂದು ಕಡೆ ನಿಲ್ಲಿಸಿ, ಯಾರೂ ತಿರುಗಿಸಕೂಡದೆಂದು ಮೇಲೆ ಪ್ಲಾಸ್ಟರು ಅಂಟಿಸಿದ್ದರು.

"ಪೆನ್ಸಿಲ್ ಸೆಲ್ಲು ತಿಂದ್ ತಿಂದ್ ಹಾಕ್ತದೆ ಸ್ವಾಮಿ. ಬಿಸ್ಲಲ್ಲಿ ಒಣಗ್ಸಿ ಒಣಗ್ಸಿ ಹಾಕಿದ್ರೂ ಎಲ್ಡ್ ದಿನ ಬರಾಕಿಲ್ಲ" ಎಂದಳು ಚಿತ್ತಮ್ಮ. "ಇಸ್ಕೂಲ್ ಮೇಡಮ್ಮು ಹೇಳವ್ರೆ. ಕಿವಿ ಕೇಳಿ ಪಾಠ ಮಾಡ್ಕಂಡ್ರೆ ಇಲ್ಲೇ ಇರ್ಲಿ, ಇಲ್ದಿದ್ರೆ ತುಮಕೂರಲ್ಲಿ ಕಿವುಡು ಮಕ್ಕಳ ಹಾಸ್ಟೆಲ್ಲಿಗೆ ಬರೆದ್ ಕಳಿಸ್ತೀನಿ ಅಂತ. ಈ ಕೂಸ್ ಬುಟ್ಟು ನಾನ್ ಹೆಂಗಿರ್ಲಿ? ನನ್ ಬುಟ್ಟು ಅದ್ ಹೆಂಗಿದ್ದಾತು?"

ದಯಾನಂದನಿಗೆ ಕರುಳು ಚುರ್ ಎಂದಿತು. ಅದು ಸುಳ್ಳಲ್ಲ, ಅವನು ಕೆಟ್ಟವನಲ್ಲ. ಚೆನ್ನಾಗಿರುವ ಬ್ಯಾಟರಿಯನ್ನೇ ಆರಿಸಿ, ಅಂದೇ ಕೂತು ಡಬ್ಬಿ ಮಾಡಿದ. ಬಿಟ್ಟಿಯಾಗಿ. ಮಿಷನ್ನಿಗೆ ಬೇಕಾದದ್ದು ಒಂದೂವರೆ ವೋಲ್ಟು. ಅದು ಅದರ ಬೆನ್ನ ಮೇಲೆಯೇ ಅಚ್ಚಾಗಿತ್ತು, ಅವನು ಓದಿದ. ಆಮೇಲೆ ಮಗುವಿನ ಮುಖ ನೋಡಿದ. ಪಾಪ, ಒಣಗಿದ ಸೆಲ್ಲಿನಲ್ಲಿ ಗುಸುಗುಸು ಕೇಳಿಸಿಕೊಂಡು ಬೆಳೆದ ಕೂಸು, ನನ್ನ ಕೈಯಿಂದ ಹೋಗುವಾಗಲಾದರೂ ಜಗತ್ತು ಗಟ್ಟಿಯಾಗಿ ಕೇಳಲಿ ಎಂದುಕೊಂಡು, ಬೆಂಕಿಕಡ್ಡಿಯ ತುದಿಯಿಂದ ಸ್ವಿಚ್ಚು ದೂಡಿ ಎರಡು ವೋಲ್ಟಿಗೆ ಇಟ್ಟ.

ರೇಡಿಯೋ ರಿಪೇರಿ ಮಾಡಿದರೆ ಕೇಳಿ ನೋಡದೆ ಕೊಡುವವನಲ್ಲ ಅವನು. ಆದರೆ ಅಂದು ಕಿವಿಯ ಗುಂಡಿಯನ್ನು ಕೈಗೆತ್ತಿಕೊಂಡವನು ಹಾಗೇ ಇಳಿಸಿಬಿಟ್ಟ. ಅದರ ಮೇಲೆ ಮೇಣದ ಕಲೆ ಇತ್ತು. ಅದಕ್ಕಿಂತ ನಿಜ ಹೇಳಬೇಕೆಂದರೆ, ಅದು ಹಟ್ಟಿಯ ಮಗುವಿನ ಕಿವಿಯಲ್ಲಿ ಇದ್ದು ಬಂದದ್ದು, ಇವನು ಕೊರಳಲ್ಲಿ ಲಿಂಗ ಕಟ್ಟಿದ ಮನೆಯವನು. ಹಾಗೆಂದು ಬಾಯಿಬಿಟ್ಟು ಅವನು ಯಾರಿಗೂ ಹೇಳುವವನಲ್ಲ, ತನಗೂ ಹೇಳಿಕೊಳ್ಳಲಿಲ್ಲ. ಮೀಟರು ಹಿಡಿದು ನೋಡಿದ. ಎರಡು ವೋಲ್ಟು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸಾಕೆಂದು ಕೊಟ್ಟು ಕಳಿಸಿದ. ಪ್ರತಿ ಸಂತೆಗೆ ತಂದರೆ ಚಾರ್ಜು ಮಾಡಿಕೊಡುತ್ತೇನೆಂದೂ ಹೇಳಿದ.

ಮುಂದಿನ ಸಂತೆಗೆ ಚಿತ್ತಮ್ಮ ಬಂದಾಗ ಮುಖ ಸಪ್ಪಗಿತ್ತು. "ಇಕ್ಕಳಾಕೇ ಒಲ್ಲಳು ಸ್ವಾಮಿ. ಇಕ್ಕಿದ್ ಗಳಿಗೇಲೆ ಕಿತ್ತಾಕ್ತಾಳೆ. ಮೊದ್ಲು ಹಿಂಗ್ ಮಾಡ್ತಿರ್ಲಿಲ್ಲ. ಡಬ್ಬಿ ಒಸಿ ನೋಡ್ತೀರಾ?"

ಡಬ್ಬಿಯನ್ನು ನೋಡುವುದೆ? ದಯಾನಂದನಿಗೆ ಮೈಯೆಲ್ಲ ಉರಿಯಿತು. ಅವಳ ಎದುರಿಗೇ ಮೀಟರು ಹಿಡಿದ. ಮತ್ತೆ ಅದೇ ಎರಡು ವೋಲ್ಟು. "ನೋಡು ಚಿತ್ತಮ್ಮ, ಮುಳ್ಳು ಅಲ್ಲಾಡ್ತಾ ಇದ್ಯಾ? ಡಬ್ಬೀಲಿ ಏನೂ ಇಲ್ಲ. ಹಟ ಇದು, ಹಟ. ಮುದ್ದು ಮಾಡಿ ಕೆಡಿಸಿದ್ದೀಯ" ಎಂದ. ಅಷ್ಟಕ್ಕೇ ಬಿಡದೆ, ಭಾಗ್ಯಳನ್ನು ಹತ್ತಿರ ಎಳೆದು, ಅವಳ ಕಿವಿಗೆ ತಾನೇ ಗುಂಡಿ ಒತ್ತಿ ಸಿಕ್ಕಿಸಿದ. ಆಗಲೇ ಬಸ್ಸೊಂದು ಅಂಗಡಿಯ ಮುಂದೆ ಹಾರನ್ನು ಹೊಡೆಯುತ್ತಾ ಹೋಯಿತು. ಹುಡುಗಿ ಕಿರುಚಿ, ವೈರು ಹಿಡಿದು ಎಳೆದು ಬಿಸಾಕಿದಳು. ದಯಾನಂದ ಮತ್ತೆ ಸಿಕ್ಕಿಸಿ, ಅವಳ ಎರಡು ಕೈಯನ್ನೂ ತನ್ನ ಒಂದು ಕೈಯಲ್ಲಿ ಹಿಡಿದು, ಮುಖದ ಹತ್ತಿರ ಮುಖ ತಂದು, "ತೆಗೆದ್ಯೋ ಜೋಕೆ!" ಎಂದು ಗದರಿದ. ಆ ಗದರಿಕೆಯೂ ಎರಡು ವೋಲ್ಟಿನಲ್ಲೇ ಅವಳ ಕಿವಿಗೆ ಹೋಯಿತು. ಹುಡುಗಿ ಚೀರಿ, ಕೊಸರಿಕೊಂಡು, ಮತ್ತೆ ಕಿತ್ತಳು.

"ಎರಡು ಏಟು ಬಿಡು ಅವಳಿಗೆ. ಇಲ್ದಿದ್ರೆ ತುಮಕೂರೇ ಗತಿ, ಆಮೇಲೆ ನನ್ನ ಅನ್ನಬೇಡ" ಎಂದ ದಯಾನಂದ.

ಚಿತ್ತಮ್ಮ ಹುಡುಗಿಯ ಮೇಲೆ ಅಂದಿನವರೆಗೆ ಕೈಯೆತ್ತಿದವಳಲ್ಲ. ತುಮಕೂರು ಎಂಬ ಹೆಸರು ಕೇಳಿ ಅವಳ ಕೈ ತಾನಾಗಿ ಎದ್ದಿತು. ಕೆನ್ನೆಗೊಂದು, ಬೆನ್ನಿಗೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ಭಾಗ್ಯ ಅಳುವುದನ್ನು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡಿದಳು. ಅವಳಿಗಿದ್ದ ನಾಲ್ಕೈದು ಮಾತಿನಲ್ಲಿ ನೋವು ಎಂಬುದು ಇರಲಿಲ್ಲ. ಗುಂಡಿಯನ್ನು ತಾನೇ ಎತ್ತಿ ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಳು. "ನೋಡಿದ್ಯಾ, ಬುದ್ಧಿ ಬಂತು" ಎಂದು ದಯಾನಂದ ಗೆದ್ದವನಂತೆ ನಕ್ಕ.

ಆದರೆ ಶಾಲೆಯಲ್ಲಿ ಅವಳು ಮತ್ತೆ ಕೀಳುತ್ತಿದ್ದಳಂತೆ. ಗಂಟೆ ಹೊಡೆದರೆ ಡೆಸ್ಕಿನ ಕೆಳಗೆ ನುಗ್ಗುತ್ತಿದ್ದಳಂತೆ. ಮನೆಗೆ ಬಂದರೆ ಅಜ್ಜಿಯ ಏಟು. ಮುಂದಿನ ಸಂತೆಯ ದಿನ ಚಿತ್ತಮ್ಮ ಒಬ್ಬಳೇ ಬಂದು, ಡಬ್ಬಿ ಮಿಷನ್ನು ಎರಡನ್ನೂ ಚಾರ್ಜಿಗೆಂದು ಇಟ್ಟಳು. "ಮೇಡಮ್ಮು ಇನ್ನೊಂದ್ ವಾರ ನೋಡ್ತೀನಿ ಅಂದವ್ರೆ ಸ್ವಾಮಿ. ನಾನೂ ಹೊಡ್ದು ಹೊಡ್ದು ಸಾಕಾದೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಸಂತೆಗೆ ಹೋದಳು.

ದಯಾನಂದನಿಗೆ ಏನೋ ಕಸಿವಿಸಿ. ಆ ಕಸಿವಿಸಿ ಮಗುವಿಗಾಗಿಯೋ ತನ್ನ ಡಬ್ಬಿಯ ಹೆಸರಿಗಾಗಿಯೋ ಎಂದು ಕೇಳಿದ್ದರೆ ಅವನು ತಡವರಿಸುತ್ತಿದ್ದ. ಕಿವಿಯ ಗುಂಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಮತ್ತೊಮ್ಮೆ ಒರೆಸಿದ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಕಿವಿಗೆ ಇಟ್ಟುಕೊಂಡ.

ಮೊದಲು ಕೊಂಯ್ ಎಂದು ಸಿಳ್ಳೆಯಂಥದ್ದೊಂದು ತಲೆಯೊಳಗೆ ಕೊರೆಯಿತು. ಅಷ್ಟರಲ್ಲಿ ಹಿಂದಿನ ಮನೆಯಲ್ಲಿ ಜೀವಿತಾ ಸ್ಟೀಲಿನ ಕೊಡವನ್ನು ಕಲ್ಲಿನ ಮೇಲೆ ಇಟ್ಟಳು. ಬರಿದೇ ಇಟ್ಟಳು, ದಿನಾ ಇಡುವ ಹಾಗೆ. ಕಾದ ಸೂಜಿಯನ್ನು ಯಾರೋ ಕಿವಿಗೆ ಹೊಡೆದಂತಾಗಿ ದಯಾನಂದ ಕೂಗಿಕೊಂಡು ಗುಂಡಿಯನ್ನು ಕಿತ್ತು ಎಸೆದ. ಎಸೆದ ಮೇಲೆ ತನ್ನ ಕೈ ನೋಡಿಕೊಂಡ. ವೈರು ಹಿಡಿದು ಎಳೆದ ರೀತಿ, ಬಿಸಾಕಿದ ರೀತಿ, ಎಲ್ಲ ಆ ಹುಡುಗಿಯದೇ.

ಡಬ್ಬಿಯಲ್ಲಿ ದೋಷವಿರಲಿಲ್ಲ ಎಂದು ಅವನು ಹೇಳಿದ್ದು ಸರಿಯೇ. ಎರಡು ಕೊಡು ಎಂದಿದ್ದ, ಪಾಪ ಅದು ಎರಡು ಕೊಟ್ಟಿತ್ತು. ಗಟ್ಟಿ ಸದ್ದು ಇಷ್ಟಕ್ಕಿಂತ ಮೇಲೆ ಏರಬಾರದೆಂದು ಡಾಕ್ಟರು ಅಳೆದು ನಿಲ್ಲಿಸಿದ್ದ ಕಟ್ಟೆಯನ್ನು ಅವನ ಅರ್ಧ ವೋಲ್ಟು ಒಡೆದಿತ್ತು. ತನ್ನ ಕೇಳುವ ಕಿವಿಯಷ್ಟು ಆ ಮಂದ ಕಿವಿಗೆ ನೋವಾಗಿರಲಿಕ್ಕಿಲ್ಲ ಎಂದು ಒಂದು ಗಳಿಗೆ ಸಮಾಧಾನ ಹುಡುಕಿದ. ಆದರೆ ಆ ಕಿರುಚಾಟ ನೆನಪಾಗಿ ಆ ಸಮಾಧಾನವೂ ನಿಲ್ಲಲಿಲ್ಲ. ಮಗು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ, ಕಿತ್ತು ಬಿಸಾಕಿ, ನಿಜ ಹೇಳಿತ್ತು. ನಾನು ಅದರ ಕೈ ಹಿಡಿದಿದ್ದೆ. ಹೊಡೆಸಿದ್ದೆ. ನಕ್ಕಿದ್ದೆ. ದಯಾನಂದನಿಗೆ ಮೈಯೆಲ್ಲ ನಾಚಿಕೆ ಹತ್ತಿ ಉರಿಯಿತು. ಒಂದೇ ಒಂದು ಸಲ ಅಂದೇ ಕಿವಿಗಿಟ್ಟು ನೋಡಿದ್ದರೆ ಸಾಕಿತ್ತು. ಯಾಕೆ ಇಡಲಿಲ್ಲ ಎಂಬುದನ್ನು ನೆನೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸ್ವಿಚ್ಚನ್ನು ಒಂದೂವರೆಗೆ ಇಳಿಸಿದ. ಮತ್ತೆ ಕಿವಿಗಿಟ್ಟು ನೋಡಿದ. ಸಿಳ್ಳೆ ನಿಂತಿತ್ತು, ಕೊಡದ ಸದ್ದು ಕೊಡದ ಸದ್ದಾಗಿಯೇ ಕೇಳಿತು. ಸಂಜೆ ಚಿತ್ತಮ್ಮ ಬಂದಾಗ ಎಲ್ಲ ಹೇಳಬೇಕೆಂದಿದ್ದ. ಅವಳು ಬಂದು ಕೈಚಾಚಿದಳು. ಇವನು, "ಚಾರ್ಜಾಗಿದೆ, ತಗೊಂಡು ಹೋಗು" ಎಂದ. ಅಷ್ಟೇ ಬಂತು ಬಾಯಿಂದ.

ಆ ಬಳಿಕ ಹುಡುಗಿ ಮಿಷನ್ನನ್ನು ಕಿತ್ತದ್ದಿಲ್ಲ. ಮುಂದಿನ ಸಂತೆಗೆ ಚಿತ್ತಮ್ಮ ನೆಲಕ್ಕೆ ಕಾಲು ತಾಗದವಳ ಹಾಗೆ ಬಂದಳು. ಕೈಯಲ್ಲಿ ಒಂದು ಕುಡಿಕೆ ಬೆಣ್ಣೆ. "ನೀವ್ ಗದರಿಸಿದ್ದೇ ಗದರಿಸಿದ್ದು ಸ್ವಾಮಿ, ಭಯ ಹುಟ್ತು ನೋಡಿ ಅವ್ಳಿಗೆ! ಈಗ ಮಲಗೋಗಂಟ ತೆಗಿಯಾಕಿಲ್ಲ. ಮೇಡಮ್ಮೂ ಇನ್ ತುಮಕೂರಿನ್ ಮಾತು ಬುಡು ಅಂದ್ರು. ಹಟ ಬುಡಿಸಾದು ಅಂದ್ರೆ ನಿಮ್ಮಂಗೆ ಬುಡಿಸ್ಬೇಕು." ಅವಳು ಹೊಗಳಿದಷ್ಟೂ ದಯಾನಂದ ಕೆಲಸದ ಮೇಜಿನ ಮೇಲೆ ಏನನ್ನೋ ಹುಡುಕುತ್ತಾ ತಲೆ ತಗ್ಗಿಸಿದ. ಬೆಣ್ಣೆಯನ್ನು ಬೇಡವೆನ್ನಲೂ ನಾಲಿಗೆ ಏಳಲಿಲ್ಲ. ಜೀವಿತಾ ಕಾಯಿಸಿ ತುಪ್ಪ ಮಾಡಿ ಅನ್ನಕ್ಕೆ ಹಾಕಿದರೆ ತಟ್ಟೆ ಸರಿಸಿ ಎದ್ದುಹೋದ. "ಭೇಷ್ ಅಂದ್ರೂ ಊಟ ಸೇರ್ತಿಲ್ವಲ್ಲ, ಏನ್ ಬಂತು ನಿಮ್ಗೆ?" ಎಂದು ಅವಳು ಬೆರಗಾದಳು.

ಇಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಸ್ವಾತಂತ್ರ್ಯ ದಿನಕ್ಕೆ ಹಟ್ಟಿಯ ಶಾಲೆಯಿಂದ ಕರೆ ಬಂತು. ಹೆಡ್ ಮೇಡಂ ಮೀನಾಕ್ಷಮ್ಮ ಖುದ್ದಾಗಿ ಹೇಳಿ ಕಳಿಸಿದ್ದರು, ಒಲ್ಲೆನೆಂದರೆ ಕಾರಣ ಹೇಳಬೇಕು. ಹೋದ. ಧ್ವಜ ಏರಿತು, ಮಕ್ಕಳು ಹಾಡಿದರು. ಮೀನಾಕ್ಷಮ್ಮ ಮಾತಿಗೆ ನಿಂತು, "ಮಕ್ಕಳೇ, ದಯಾನಂದ್ ಅವರು ಭಾಗ್ಯಂಗೆ ಕಿವೀನೂ ಕೊಟ್ರು, ಬುದ್ಧೀನೂ ಕಲಿಸಿದ್ರು. ಹಟ ಮಾಡಿದ್ರೆ ಏನಾಗುತ್ತೆ ಅಂತ ಇವಳನ್ನ ನೋಡಿ ಕಲೀರಿ" ಎಂದರು. ಮಕ್ಕಳು ಭಾಗ್ಯಳ ಕಡೆ ತಿರುಗಿ ನಕ್ಕರು. ಸೇರಿದ ಹಟ್ಟಿಯವರೂ ನಕ್ಕರು. ಭಾಗ್ಯ ನಗುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ತಾನೂ ನಗಬೇಕೇನೋ ಎಂಬಂತೆ ಒಂಚೂರು ನಕ್ಕಳು. ಅವಳ ಕೈಯಲ್ಲೇ ಹಾರ ಹಾಕಿಸಿದರು. ದಯಾನಂದ ಬಾಗಿ ಕತ್ತು ಕೊಟ್ಟಾಗ ಅವಳು ಅವನ ಮುಖ ನೋಡದೆ ಹಾರ ಹಾಕಿ ಥಟ್ಟನೆ ಹಿಂದೆ ಸರಿದಳು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದ. ಎದ್ದು ನಿಂತು ನಿಜ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ. ಚಪ್ಪಾಳೆ ಬಿತ್ತು. ಕೈಮುಗಿದು ಕೂತುಬಿಟ್ಟ.

ಮಿಠಾಯಿ ಹಂಚಿ ಮುಗಿದು ಜನ ಚದುರಿದ ಮೇಲೆ ಅವನು ಚಿತ್ತಮ್ಮನನ್ನು ಶಾಲೆಯ ಹಿಂದಿನ ಹುಣಸೆ ಮರದ ಕೆಳಕ್ಕೆ ಕರೆದ. ಹಾರ ಇನ್ನೂ ಕೊರಳಲ್ಲೇ ಇತ್ತು, ತೆಗೆಯಬೇಕೆಂದು ಹೊಳೆದಿರಲಿಲ್ಲ.

"ಚಿತ್ತಮ್ಮ, ಮಗು ಹಟ ಮಾಡಿರ್ಲಿಲ್ಲ ಕಣಮ್ಮ" ಎಂದ. "ಡಬ್ಬೀಲಿ ನಾನು ಸದ್ದು ಜಾಸ್ತಿ ಇಟ್ಟಿದ್ದೆ. ಬೇಕಾಗಿದ್ದಿದ್ದು ಒಂದೂವರೆ, ನಾನು ಎರಡು ಇಟ್ಟೆ. ಚೆನ್ನಾಗಿ ಕೇಳ್ಲಿ ಅಂತ. ಅವಳಿಗೆ ಕಿವಿ ನೋಯ್ತಿತ್ತು. ಅದಕ್ಕೇ ಕಿತ್ತಾಕ್ತಿದ್ಲು. ಆಮೇಲೆ ನಾನೇ ಗೊತ್ತಾಗ್ದಂಗೆ ಇಳಿಸ್ದೆ."

ವೋಲ್ಟಿನ ಲೆಕ್ಕ ಚಿತ್ತಮ್ಮನಿಗೆ ತಿಳಿಯಿತೋ ಇಲ್ಲವೋ. ನೋಯುತ್ತಿತ್ತು ಎಂಬುದು ತಿಳಿಯಿತು. ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಯಾರಿಗೂ ಕಾಣಬಾರದೆಂಬಂತೆ.

"ಇಷ್ಟ್ ದಿನ ಗೊತ್ತಿತ್ತಾ ನಿಂಗೆ?" ಎಂದಳು. ಅವಳ ಮಾತಿನಿಂದ 'ಸ್ವಾಮಿ' ಹೋಗಿತ್ತು, 'ನೀವು' ಹೋಗಿತ್ತು.

"ಹೂಂ."

"ಬೆಣ್ಣೆ ಇಸ್ಕಂಡಾಗ್ಲೂ ಗೊತ್ತಿತ್ತಾ?"

ದಯಾನಂದ ತಲೆಯಾಡಿಸಿದ.

"ನೀನ್ ಬೇಕಂತ ಮಾಡ್ಲಿಲ್ಲ, ಅದ್ ಇರ್ಲಿ. ಕೈ ತಪ್ಪಾದು ಎಲ್ರಿಗೂ ಉಂಟು" ಎಂದಳು ಚಿತ್ತಮ್ಮ. ಅವಳ ದನಿ ಏರಲಿಲ್ಲ. "ನನ್ ಕೈಲಿ ಯಾಕಪ್ಪ ಹೊಡೆಸ್ದೆ? ನೋವು ಅಂತ ಕಿತ್ತಾಕಿದ್ ಕೂಸಿಗೆ, ನನ್ ಕೈಲಿ?"

ಬೈದಿದ್ದರೆ ವಾಸಿಯಿತ್ತು. ಚಿತ್ತಮ್ಮನೇ ಮುಂದುವರಿದು, "ನನ್ ಮುಂದೆ ಹೇಳಿದ್ರೆ ಏನ್ ಬಂತು? ಅವ್ಳಿಗ್ ಹೇಳು. ಆಮೇಲೆ ಆ ಮೇಡಮ್ಮಿಗೂ ಹೇಳು, ಎಲ್ರ ಮುಂದೆ ನಗಿಸ್ಕಂಡೈತೆ ಕೂಸು" ಎಂದಳು.

ಭಾಗ್ಯ ಶಾಲೆಯ ಮೆಟ್ಟಿಲ ಮೇಲೆ ಮಿಠಾಯಿ ಚೀಪುತ್ತಾ ಕೂತಿದ್ದಳು. ದಯಾನಂದ ಹಾರ ತೆಗೆದು ಪಕ್ಕಕ್ಕಿಟ್ಟು, ಅವಳೆದುರಿಗೆ ಮಣ್ಣಿನಲ್ಲೇ ಮಂಡಿಯೂರಿದ. ಮೆಲ್ಲಗೆ ಮಾತಾಡಿದರೂ ಅವಳಿಗೆ ಕೇಳುತ್ತದೆಂದು ಅವನಿಗೆ ಗೊತ್ತಿತ್ತು. ಮುಖದ ಹತ್ತಿರ ಮುಖ ತಂದು, "ಭಾಗ್ಯಾ" ಎಂದ.

ಹುಡುಗಿಯ ಬಾಯಿಂದ ಮಿಠಾಯಿ ಬಿತ್ತು. ಎರಡು ಕೈಯಿಂದಲೂ ಕಿವಿಯ ಗುಂಡಿಯನ್ನು ಒಳಕ್ಕೆ ಒತ್ತಿ ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹೊಸದಾಗಿ ಕಲಿತ ಮಾತನ್ನು ಸ್ಪಷ್ಟವಾಗಿ ಹೇಳಿದಳು.

"ತೆಗ್ದಿಲ್ಲ. ತೆಗ್ದಿಲ್ಲ."